ಮಣಿಕಟ್ಟಿನೊಳಗೆ ಟೆಂಡನ್ ಎಷ್ಟು ಜಾರುತ್ತದೆ: ಹಲಸಿನ ಹಲಗೆ, ಅಲ್ಟ್ರಾಸೌಂಡ್, ಒಂದಿಷ್ಟು ಪೈಥಾನ್

ಬೆರಳು ಮಡಿಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿ ಇಲ್ಲ, ಮುಂಗೈಯಲ್ಲಿ ಮೊಣಕೈ ಹತ್ತಿರ ಇವೆ. ಅಲ್ಲಿಂದ ಬೆರಳಿನ ಮೂಳೆಯವರೆಗೆ ಎಳೆತ ಮುಟ್ಟಿಸುವುದು ಟೆಂಡನ್. ಕೈ ಪೂರ್ತಿ ಬಿಚ್ಚಿ ಮತ್ತೆ ಮುಷ್ಟಿ ಕಟ್ಟಿದರೆ ಮಣಿಕಟ್ಟಿನ ಒಳಗೆ ಅದು ಎರಡೂವರೆ, ಮೂರು ಸೆಂಟಿಮೀಟರ್‌ನಷ್ಟು ಜಾರುತ್ತದೆ. ಹೊರಗಿನಿಂದ ನೋಡಿದರೆ ಚರ್ಮ ಒಂಚೂರು ಮಿಸುಕಾಡಿದ್ದು ಕಾಣುತ್ತದೆ, ಅಷ್ಟೆ. ಈ ಜಾರುವಿಕೆಯನ್ನು ಅಲ್ಟ್ರಾಸೌಂಡ್ ವಿಡಿಯೋದಿಂದ ಮಿ.ಮೀ. ಲೆಕ್ಕದಲ್ಲಿ ಅಳೆಯಲು ಶಿವಮೊಗ್ಗದಲ್ಲಿ ನಾವು ಕೆಲವರು ಸೇರಿ ಒಂದು ಮರದ ಚೌಕಟ್ಟು ಮತ್ತು ಒಂದು ಪ್ರೋಗ್ರಾಂ ಮಾಡಿದ್ದೇವೆ. ಒಬ್ಬರು ರೇಡಿಯಾಲಜಿಸ್ಟ್, ಒಬ್ಬರು ಫಿಸಿಯೋಥೆರಪಿಸ್ಟ್, ನಾನು ಎಲೆಕ್ಟ್ರಾನಿಕ್ಸ್ ಕಡೆಯವನು. ಇಂಥದ್ದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗ ಆಗಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಇದು ಸುಮ್ನೆ ಹುಟ್ಟಿದ ಕುತೂಹಲ ಅಲ್ಲ. ಮಲೆನಾಡಿನಲ್ಲಿ ಕತ್ತಿ ಹಿಡಿಯದೆ ದಿನ ಕಳೆಯುವುದಿಲ್ಲ. ಸೊಪ್ಪು ಕಡಿಯಬೇಕು, ಕಳೆ ಸವರಬೇಕು, ಸೀಸನ್ ಬಂತೆಂದರೆ ರಾತ್ರಿ ಎಷ್ಟು ಹೊತ್ತಾದರೂ ಕೂತು ಅಡಿಕೆ ಸುಲಿಯಬೇಕು. ಕತ್ತಿ ತಾಗಿ ಟೆಂಡನ್ ತುಂಡಾದರೆ ಸರ್ಜನ್ ಹೊಲಿದು ಜೋಡಿಸುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ. ಗಾಯ ಮಾಯುವಾಗ ಟೆಂಡನ್ ಸುತ್ತಮುತ್ತಲ ಅಂಗಾಂಶಕ್ಕೆ ಅಂಟಿಕೊಳ್ಳಬಹುದು. ಹೊಲಿಗೆ ಗಟ್ಟಿಯಾಗಿಯೇ ಇರುತ್ತದೆ, ಬೆರಳು ಮಾತ್ರ ಮಡಿಚಲು ಬರುವುದಿಲ್ಲ. ಬೇರೆಯವರು ಮಡಿಚಿದರೆ ಎಷ್ಟು ಬರುತ್ತದೆ, ಅವರೇ ಮಡಿಚಿದರೆ ಎಷ್ಟು ಬರುತ್ತದೆ ಎಂದು ನೋಡಿ, ಗೆಣ್ಣು ಬಿಗಿದಿದೆಯೋ ಟೆಂಡನ್ ಅಂಟಿದೆಯೋ ಎಂದು ಫಿಸಿಯೋಥೆರಪಿಸ್ಟ್ ಅಂದಾಜು ಮಾಡುತ್ತಾರೆ. ಆದರೆ ಟೆಂಡನ್ ಎಷ್ಟು ಜಾರುತ್ತಿದೆ, ಹೋದ ವಾರಕ್ಕಿಂತ ಜಾಸ್ತಿ ಆಯಿತಾ ಅಂದರೆ ಹೇಳುವುದಕ್ಕೆ ಸಂಖ್ಯೆ ಇರುವುದಿಲ್ಲ.

ಎಷ್ಟು ನಿಖರತೆ ಬೇಕು ಎಂಬುದನ್ನು ಮೊದಲೇ ತೀರ್ಮಾನ ಮಾಡಿಕೊಂಡೆವು. ಹೊಲಿದ ಟೆಂಡನ್ ಅಂಟಿಕೊಳ್ಳದೇ ಇರಲು 3ರಿಂದ 5 ಮಿ.ಮೀ. ಜಾರಿದರೆ ಸಾಕು ಎಂದು 1975ರಲ್ಲಿ ಡ್ಯುರಾನ್ ಮತ್ತು ಹೌಸರ್ ಎಂಬ ವೈದ್ಯರು ಹೇಳಿದ್ದರು. ಅವರ ಹೆಸರಿನ ವ್ಯಾಯಾಮ ಕ್ರಮ ಇವತ್ತಿಗೂ ಬಳಕೆಯಲ್ಲಿದೆ. ಮುಖ್ಯವಾದ ಅಂಕಿಯೇ 3 ಮಿ.ಮೀ. ಆಗಿರುವಾಗ, ಅಳತೆಯಲ್ಲಿ ಒಂದು ಮಿ.ಮೀ. ಹೆಚ್ಚುಕಮ್ಮಿ ಇದ್ದರೆ ಅದು ಯಾವ ಪ್ರಯೋಜನಕ್ಕೂ ಬರುವುದಿಲ್ಲ ಅಲ್ವಾ. ಅರ್ಧ ಮಿ.ಮೀ. ಒಳಗೆ ಇರಬೇಕು ಎಂದು ಇಟ್ಟುಕೊಂಡೆವು.

ಮುಂದೆ ಹೋಗುವ ಮೊದಲು ಕಾನೂನಿನ ಮಾತು. ಆನ್‌ಲೈನ್‌ನಲ್ಲಿ ಮೊಬೈಲ್‌ಗೆ ಸಿಕ್ಕಿಸುವ ಸಣ್ಣ ಅಲ್ಟ್ರಾಸೌಂಡ್ ಪ್ರೋಬ್‌ಗಳು (ಮೈಮೇಲೆ ಇಟ್ಟು ಅಲೆ ಕಳಿಸುವ ಭಾಗ) ಕಾಣುತ್ತವೆ. ನಮ್ಮ ದೇಶದಲ್ಲಿ ಅದನ್ನು ತರಿಸಿಕೊಂಡು ಮನೆಯಲ್ಲಿ ಪ್ರಯೋಗ ಮಾಡುವ ಹಾಗಿಲ್ಲ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರಿಗೆ ಮಷೀನ್ ಮಾರುವುದೇ ಅಪರಾಧ. ಕೈಯನ್ನಷ್ಟೇ ನೋಡುತ್ತೇನೆ ಅಂದರೂ ನಡೆಯುವುದಿಲ್ಲ, ಮತ್ತು ಆ ಕಾಯ್ದೆ ಯಾಕೆ ಬಂತು ಎಂದು ಗೊತ್ತಿರುವವರು ಅದಕ್ಕೆ ಬೇಸರಪಡುವುದೂ ಇಲ್ಲ. ಹಾಗಾಗಿ ನಮ್ಮ ಕೆಲಸ ಎರಡು ಭಾಗ ಆಯಿತು. ಸ್ಕ್ಯಾನ್ ಮಾಡುವುದು ರೇಡಿಯಾಲಜಿಸ್ಟ್, ಅವರ ನೋಂದಾಯಿತ ಕೋಣೆಯಲ್ಲಿ, ಅವರ ಮಷೀನ್‌ನಲ್ಲಿ, ಕೈ ಕೊಟ್ಟವರ ಒಪ್ಪಿಗೆ ಬರೆಸಿಕೊಂಡು. ಅಲ್ಲಿಗೆ ಒಯ್ಯುವ ಚೌಕಟ್ಟು, ಸೆನ್ಸರ್, ಆಮೇಲಿನ ಲೆಕ್ಕ ನನ್ನದು. ಮಷೀನ್ ಒಳಗೆ ಒಂದು ಸ್ಕ್ರೂ ಕೂಡ ಮುಟ್ಟಿಲ್ಲ.

ಈಗ ಚೌಕಟ್ಟು. ಮುಂಗೈ ಮಲಗಿಸಲು ಒಂದು ಹಲಗೆ, ಅಂಗೈ ಮೇಲ್ಮುಖವಾಗಿ. ಮೊದಲು ಪ್ಲೈವುಡ್‌ನಲ್ಲಿ ಮಾಡಿಸಿದ್ದು ಮಳೆಗಾಲದ ತೇವಕ್ಕೆ ಅಂಚಿನಲ್ಲಿ ಊದಿ ಬಾಗಿತು. ಬಡಗಿ ಹಲಸಿನ ಹಳೇ ಹಲಗೆಯಲ್ಲಿ ಮಾಡಿಕೊಟ್ಟಿದ್ದು ಇವತ್ತಿಗೂ ನೆಟ್ಟಗಿದೆ. ಮಣಿಕಟ್ಟು ಎರಡೂ ಕಡೆಯಿಂದ ಅಲುಗಾಡದ ಹಾಗೆ ರಬ್ಬರ್ ಮೆತ್ತಿದ ಎರಡು ಗೂಟ. ಈ ಗೂಟಗಳ ಬಗ್ಗೆ ಉದಾಸೀನ ಬೇಡ. ಮಣಿಕಟ್ಟು ಬಾಗಿದರೆ ಬೆರಳು ಅಲುಗಾಡದೆಯೇ ಟೆಂಡನ್ ಜಾರುತ್ತದೆ. ಕೈ ಸಡಿಲ ಬಿಟ್ಟು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ನೋಡಿ, ಬೆರಳುಗಳು ತಾವಾಗಿ ಮಡಿಚಿಕೊಳ್ಳುತ್ತವೆ. ಜನ ಮುಷ್ಟಿ ಕಟ್ಟುವಾಗ ಗೊತ್ತಿಲ್ಲದೆ ಮಣಿಕಟ್ಟನ್ನೂ ಎತ್ತುತ್ತಾರೆ, ಅದು ಲೆಕ್ಕದಲ್ಲಿ ನೇರವಾಗಿ ಸೇರಿಕೊಳ್ಳುತ್ತದೆ.

ಪ್ರೋಬ್ ಹಿಡಿಯಲು ಚೌಕಟ್ಟಿಗೇ ಇನ್ನೊಂದು ಮರದ ತೋಳು. ಯಾರದೇ ಕೈಯಾದರೂ ಪ್ರೋಬನ್ನು ಅಷ್ಟು ಹೊತ್ತು ಅಲುಗದೆ ಹಿಡಿಯಲಾರದು, ಎಷ್ಟೇ ಅನುಭವ ಇರಲಿ. ಹಲಗೆಗೇ ಒಂದು ಕಮಾನು ಕೂರಿಸಿ, ಅದರಲ್ಲಿ ಪ್ರೋಬ್ ಆಕಾರಕ್ಕೆ ಕೊರೆದ ಎರಡು ತುಂಡು ಮರ, ಒಳಗೆ ಸೈಕಲ್ ಟ್ಯೂಬಿನ ಪಟ್ಟಿ, ಎರಡು ರೆಕ್ಕೆ ನಟ್ಟು. ಪ್ರೋಬಿನ ಕೇಬಲ್ ಭಾರ ಇರುತ್ತದೆ, ಅದು ಪ್ರೋಬನ್ನು ಎಳೆದು ಓರೆ ಮಾಡುತ್ತದೆ. ಕೇಬಲ್ಲನ್ನು ಮೇಲಿನಿಂದ ಸ್ಪ್ರಿಂಗ್ ಹಾಕಿ ನೇತುಹಾಕಿದ ಮೇಲೆ ಚಿತ್ರ ಸ್ಥಿರವಾಯಿತು. ಚರ್ಮಕ್ಕೂ ಪ್ರೋಬಿಗೂ ನಡುವೆ ಎರಡು ಮಿ.ಮೀ.ನಷ್ಟು ದಪ್ಪ ಜೆಲ್ ಇರಬೇಕು. ಪ್ರೋಬ್ ಒತ್ತಿದರೆ ಚರ್ಮ ಅದಕ್ಕೆ ಅಂಟಿಕೊಂಡು ಎಳೆಯುತ್ತದೆ, ಟೆಂಡನ್ ದಾರಿಯೂ ಬದಲಾಗುತ್ತದೆ.

ಬೆರಳಿನ ಕೋನ ಅಳೆಯಲು ಬುಡದ ಗೆಣ್ಣಿನ ಪಕ್ಕದಲ್ಲಿ 10 ಕಿಲೋ ಓಮ್ ಪೊಟೆನ್ಷಿಯೋಮೀಟರ್ (ತಿರುಗಿಸಿದಷ್ಟೂ ರೆಸಿಸ್ಟೆನ್ಸ್ ಬದಲಾಗುವ ಗುಂಡಿ), ಅದನ್ನು ಓದಲು ಆರ್ಡುಯಿನೋ ಎಂಬ ಸಣ್ಣ ಕಂಪ್ಯೂಟರ್ ಬೋರ್ಡ್. ನಡು ಗೆಣ್ಣು, ತುದಿ ಗೆಣ್ಣು ನೆಟ್ಟಗಿರಬೇಕಾದಾಗ ಬೆರಳ ಬೆನ್ನಿಗೆ ಅಡಿಕೆ ದಬ್ಬೆಯ ತೆಳು ಸೀಳು ಕಟ್ಟುತ್ತೇವೆ. ಅದು ಹಗುರ, ಬಾಗುವುದಿಲ್ಲ, ಬೇಕಾದ ಉದ್ದಕ್ಕೆ ಕತ್ತರಿಸಬಹುದು.

ಅಲ್ಟ್ರಾಸೌಂಡ್ ವಿಡಿಯೋ ಒಂದು ಮಷೀನ್‌ನಲ್ಲಿ, ಕೋನ ಇನ್ನೊಂದರಲ್ಲಿ. ಎರಡರ ಗಡಿಯಾರ ಹೊಂದಿಸುವುದು ಹೇಗೆ? ಮಷೀನ್‌ಗೆ ತಂತಿ ಕೊಡುವ ಹಾಗಿಲ್ಲವಲ್ಲ. ಬಜರ್‌ನ ಒಳಗಿರುವ, ಕುಟ್ಟಿದರೆ ವಿದ್ಯುತ್ ಮಿಡಿತ ಕೊಡುವ ಪೀಝೋ ಬಿಲ್ಲೆಯನ್ನು ಪ್ರೋಬ್ ಹಿಡಿಕೆಗೆ ಅಂಟಿಸಿ ಆರ್ಡುಯಿನೋಗೆ ಜೋಡಿಸಿದೆವು. ರೆಕಾರ್ಡಿಂಗ್ ಶುರುವಾದ ಕೂಡಲೇ ಪೆನ್ನಿನಿಂದ ಹಿಡಿಕೆ ಮೇಲೆ ಒಂದು ಸಲ ಕುಟ್ಟುವುದು, ಮುಗಿಯುವಾಗ ಇನ್ನೊಂದು ಸಲ. ಪೀಝೋದಲ್ಲಿ ಒಂದು ಚೂಪು ಗೆರೆ ಬರುತ್ತದೆ, ವಿಡಿಯೋದಲ್ಲಿ ಅದೇ ಕ್ಷಣಕ್ಕೆ ಇಡೀ ಚಿತ್ರ ಅದುರುತ್ತದೆ. ಎರಡನ್ನೂ ಹೊಂದಿಸಿದರೆ ಆಯಿತು, ತಪ್ಪು ಒಂದು ಫ್ರೇಮಿಗಿಂತ ಜಾಸ್ತಿ ಬರುವುದಿಲ್ಲ.

ಮಷೀನ್ ಸೆಟ್ಟಿಂಗ್ ವಿಷಯದಲ್ಲಿ ರೇಡಿಯಾಲಜಿಸ್ಟ್‌ಗೂ ನನಗೂ ಒಳ್ಳೆ ಚರ್ಚೆ ನಡೆಯಿತು, ಯಾಕೆಂದರೆ ಅವರ ಕಣ್ಣಿಗೆ ಚೆಂದ ಕಾಣುವ ಚಿತ್ರವೇ ಬೇರೆ, ಲೆಕ್ಕಕ್ಕೆ ಬೇಕಾದ ಚಿತ್ರವೇ ಬೇರೆ. ಅಲ್ಟ್ರಾಸೌಂಡ್ ಚಿತ್ರದಲ್ಲಿ ಮರಳು ಉದುರಿಸಿದಂಥ ಕಾಳು ಕಾಳು ಕಾಣುತ್ತದಲ್ಲ, ಅದನ್ನು ಸ್ಪೆಕಲ್ ಅನ್ನುತ್ತಾರೆ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಅದು ಕಿರಿಕಿರಿ, ಅದಕ್ಕೇ ಮಷೀನ್‌ಗಳು ಅದನ್ನು ನುಣುಪು ಮಾಡಿ ತೋರಿಸುತ್ತವೆ. ನಮಗೆ ಬೇಕಾದ್ದು ಅದೇ ಕಾಳುಗಳು. ಅವು ಅಂಗಾಂಶಕ್ಕೇ ಸೇರಿದ್ದು, ಅಂಗಾಂಶ ಜಾರಿದರೆ ಅವೂ ಜೊತೆಗೆ ಜಾರುತ್ತವೆ. ಹಾಗಾಗಿ ಸ್ಪೆಕಲ್ ಕಡಿಮೆ ಮಾಡುವ ಆಯ್ಕೆ ಬಂದ್, ಹಳೆ ಫ್ರೇಮ್‌ಗಳನ್ನು ಹೊಸದರ ಜೊತೆ ಬೆರೆಸುವ ಪರ್ಸಿಸ್ಟೆನ್ಸ್ ಬಂದ್, ಹಲವು ಕೋನಗಳಿಂದ ನೋಡಿ ಬೆರೆಸುವ ಕಾಂಪೌಂಡಿಂಗೂ ಬಂದ್. ಆಳ 3 ಸೆಂಟಿಮೀಟರ್, ಫೋಕಸ್ ಒಂದೇ, ಟೆಂಡನ್ ಇರುವ ಆಳಕ್ಕೆ. ಶಬ್ದ ಮೆದು ಅಂಗಾಂಶದಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ಹೋಗುತ್ತದೆ. 3 ಸೆಂಟಿಮೀಟರ್ ಹೋಗಿ ಬರಲು 39 ಮೈಕ್ರೋಸೆಕೆಂಡ್. ಆಳ ಕಡಿಮೆ ಇಟ್ಟಷ್ಟೂ ಫ್ರೇಮ್ ಬೇಗ ಬೇಗ ಸಿಗುತ್ತವೆ. ವಿಡಿಯೋವನ್ನು ಮೊಬೈಲ್‌ನಲ್ಲಿ ನೋಡುವ ಎಂಪಿ4 ಮಾಡಿ ತೆಗೆಯಬಾರದು, ಸಂಕುಚನದಲ್ಲಿ ಸ್ಪೆಕಲ್ಲೇ ಕರಗಿಹೋಗುತ್ತದೆ. ಆಸ್ಪತ್ರೆ ಮಷೀನ್‌ಗಳು ಚಿತ್ರ ಉಳಿಸುವ ಡೈಕಾಂ ಫೈಲ್ ಆಗಿಯೇ ತೆಗೆಯಬೇಕು, ರೋಗಿಯ ಹೆಸರನ್ನು ಅಲ್ಲೇ ಅಳಿಸಿ.

ಪರದೆ ಮೇಲೆ ಏನು ಕಾಣುತ್ತದೆ ಅಂತ ಹೇಳುತ್ತೇನೆ. ಮಣಿಕಟ್ಟಿನ ಮೇಲೆ, ಮಧ್ಯದ ಬೆರಳಿನ ಸಾಲಿಗೆ ಪ್ರೋಬನ್ನು ಉದ್ದಕ್ಕೆ ಇಟ್ಟರೆ ಮೇಲೆ ಚರ್ಮ, ಅದರ ಕೆಳಗೆ ಸ್ವಲ್ಪ ಕಪ್ಪಾಗಿ, ಕೆಲವೇ ಗೆರೆಗಳಿರುವ ಮೀಡಿಯನ್ ನರ. ಅದರ ಕೆಳಗೆ ಬಾಳೆನಾರಿನ ಹಾಗೆ ಒತ್ತೊತ್ತಾಗಿ ಹೊಳೆಯುವ ಎಳೆಗಳ ಎರಡು ಪಟ್ಟಿ, ಒಂದರ ಕೆಳಗೊಂದು. ಮೇಲಿನದು ನಡು ಗೆಣ್ಣಿನ ಆಚೆಯ ಮೂಳೆಗೆ ಹೋಗುವ ಟೆಂಡನ್, ಕೆಳಗಿನದು ಬೆರಳ ತುದಿಯ ಮೂಳೆಗೆ ಹೋಗುವ ಆಳದ ಟೆಂಡನ್. ಎಲ್ಲದರ ಅಡಿಗೆ ಮೂಳೆಯ ಬಿಳಿ ಗೆರೆ. ಕಾರ್ಪಲ್ ಸುರಂಗ ಎನ್ನುವ ಮಣಿಕಟ್ಟಿನ ಈ ಇಕ್ಕಟ್ಟು ಜಾಗದಲ್ಲಿ ಒಟ್ಟು ಒಂಬತ್ತು ಟೆಂಡನ್ ಮತ್ತು ಆ ಒಂದು ನರ ಇರುತ್ತವೆ. ಯಾವುದು ಯಾವುದು ಎಂಬ ಅನುಮಾನ ಬಂದರೆ ಪರಿಹಾರ ಸುಲಭ. ನಡು ಗೆಣ್ಣನ್ನು ಬೆರಳಿಂದ ಒತ್ತಿ ಹಿಡಿದು ತುದಿ ಗೆಣ್ಣು ಮಾತ್ರ ಮಡಿಚಲು ಹೇಳಿ. ಮೇಲಿನ ಪಟ್ಟಿ ಹೆಚ್ಚುಕಮ್ಮಿ ಹಾಗೇ ನಿಲ್ಲುತ್ತದೆ, ಕೆಳಗಿನದು ಅದರಡಿಯಲ್ಲಿ ಸರ್ರನೆ ಜಾರುತ್ತದೆ. ಮೊದಲ ಸಲ ಅದನ್ನು ನೋಡಿದಾಗ ಕೋಣೆಯಲ್ಲಿದ್ದ ಎಲ್ಲರೂ ಇನ್ನೊಮ್ಮೆ ಮಾಡಿ, ಇನ್ನೊಮ್ಮೆ ಮಾಡಿ ಅಂದೆವು.

ಈ ಹೊಳಪಿಗೆ ಒಂದು ಷರತ್ತಿದೆ. ಅಲೆ ಟೆಂಡನ್ ಎಳೆಗಳಿಗೆ ಲಂಬವಾಗಿ ಬೀಳಬೇಕು. ಪ್ರೋಬ್ ಐದು ಡಿಗ್ರಿ ಓರೆಯಾದರೂ ಹೊಳಪು ಇಳಿಯುತ್ತದೆ, ಇನ್ನೂ ವಾಲಿದರೆ ಟೆಂಡನ್ ಕಪ್ಪಾಗಿ ಬಿಡುತ್ತದೆ. ಅಲ್ಲಿ ಏನೋ ಹರಿದಿದೆ ಎಂದೇ ಅನ್ನಿಸುವಷ್ಟು. ಕಮಾನಿಗೆ ಎರಡೂ ದಿಕ್ಕಿನಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸುವ ಸ್ಕ್ರೂ ಹಾಕಿದ್ದು ಇದಕ್ಕೇ. ಇನ್ನೊಂದು ವಿಷಯ, ಮುಷ್ಟಿ ಪೂರ್ತಿ ಬಿಗಿದಾಗ ಅಂಗೈ ಕಡೆಯಿಂದ ಕಪ್ಪು ಬಣ್ಣದ ಸಣ್ಣ ಸ್ನಾಯು ಸುರಂಗದೊಳಗೆ ಬರುತ್ತದೆ. ಅದು ಲಂಬ್ರಿಕಲ್. ಆಳದ ಟೆಂಡನ್ ಮೇಲಿಂದಲೇ ಹುಟ್ಟುವ ಸ್ನಾಯು ಆದ್ದರಿಂದ ಟೆಂಡನ್ ಜೊತೆಗೆ ಅದೂ ಒಳಗೆ ಬರುತ್ತದೆ, ಪ್ರೋಗ್ರಾಂನ ಗುರುತುಗಳು ಅದರ ಮೇಲೆ ಬೀಳದಂತೆ ನೋಡಿಕೊಳ್ಳಬೇಕು.

ಕೈಗೆ ಹೋಗುವ ಮೊದಲು ಸತ್ಯ ಗೊತ್ತಿರುವ ವಸ್ತು ಒಂದರ ಮೇಲೆ ಪರೀಕ್ಷೆ ಬೇಕಿತ್ತು. ಅಂಗಡಿಯ ಚೈನಾ ಗ್ರಾಸ್ ಕುದಿಸಿ, ಅದಕ್ಕೆ ಇಸಬ್‌ಗೋಲ್ ಹೊಟ್ಟು ಸೇರಿಸಿ, ತಟ್ಟೆಯಲ್ಲಿ ಎರೆದು ಎರಡು ಬಿಲ್ಲೆ ಮಾಡಿದೆ. ಬರೀ ಚೈನಾ ಗ್ರಾಸ್ ಆದರೆ ಚಿತ್ರ ಕಪ್ಪು, ಇಸಬ್‌ಗೋಲ್ ಕಣಗಳು ಅಲೆಯನ್ನು ಚದುರಿಸಿ ಅಂಗಾಂಶದಂಥ ಸ್ಪೆಕಲ್ ಕೊಡುತ್ತವೆ. ಹೊಟ್ಟು ನೀರು ಹೀರಿ ಬೇಗ ಗಂಟಾಗುತ್ತದೆ, ಸ್ವಲ್ಪ ಸ್ವಲ್ಪವೇ ಉದುರಿಸಿ ಕೈಬಿಡದೆ ಕದಡಬೇಕು. ಗುಳ್ಳೆ ಉಳಿದರೆ ಅದರ ಕೆಳಗೆಲ್ಲ ನೆರಳು ಬೀಳುತ್ತದೆ. ಮೇಲಿನ ಬಿಲ್ಲೆ ಕದಲದಂತೆ ಕಟ್ಟಿ, ನಡುವೆ ತೆಳುವಾಗಿ ನೀರು ಬಿಟ್ಟು, ಕೆಳಗಿನ ಬಿಲ್ಲೆಯನ್ನು 3ಡಿ ಪ್ರಿಂಟರ್‌ನ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರ್ ಮತ್ತು ಅದು ತಿರುಗಿಸುವ ಉದ್ದ ಸ್ಕ್ರೂನಿಂದ (ಲೀಡ್‌ಸ್ಕ್ರೂ) ಎಳೆಸಿದೆ. ಒಂದು ಸುತ್ತಿಗೆ 8 ಮಿ.ಮೀ., ಒಂದು ಸುತ್ತಿಗೆ 200 ಹೆಜ್ಜೆ, ಅಂದರೆ ಒಂದು ಹೆಜ್ಜೆಗೆ 0.04 ಮಿ.ಮೀ. ನಮಗೆ ಬೇಕಾದ್ದಕ್ಕಿಂತ ಎಷ್ಟೋ ನಿಖರ. ಚೈನಾ ಗ್ರಾಸ್‌ನಲ್ಲಿ ಶಬ್ದದ ವೇಗ 1540 ಇಲ್ಲದಿದ್ದರೆ ಅಳತೆ ಕೆಡುವುದಿಲ್ಲವೇ ಎಂದು ಫಿಸಿಯೋಥೆರಪಿಸ್ಟ್ ಕೇಳಿದರು, ಒಳ್ಳೆ ಪ್ರಶ್ನೆ. ಆಳದ ಅಳತೆ ಕೆಡುತ್ತದೆ. ಆದರೆ ಚಿತ್ರದಲ್ಲಿ ಟೆಂಡನ್ ಜಾರುವುದು ಅಡ್ಡಕ್ಕೆ. ನೇರ ಪ್ರೋಬಿನಲ್ಲಿ ಅಡ್ಡ ಅಳತೆ ಬರುವುದು ಒಳಗಿನ ಪೀಝೋ ಕಡ್ಡಿಗಳ ನಡುವಿನ ಅಂತರದಿಂದ, ಶಬ್ದದ ವೇಗದಿಂದ ಅಲ್ಲ.

ಅದರ ಬದಲಿಗೆ ಅಡ್ಡಕ್ಕೆ ಬೇರೆ ತೊಂದರೆ ಇದೆ. ಆಳದ ದಿಕ್ಕಿನಲ್ಲಿ ಸಿಗುವಷ್ಟು ಚೂಪು ಅಡ್ಡ ದಿಕ್ಕಿನಲ್ಲಿ ಸಿಗುವುದಿಲ್ಲ. 12 ಮೆಗಾಹರ್ಟ್ಜ್‌ನಲ್ಲಿ ಅಲೆಯ ಉದ್ದ 0.13 ಮಿ.ಮೀ. ಇದ್ದರೂ ಕಿರಣದ ಅಗಲ ಅದರ ಎರಡು ಮೂರು ಪಟ್ಟು. ಇದನ್ನು ಪ್ರೋಗ್ರಾಂನಲ್ಲಿ ಸರಿದೂಗಿಸಬೇಕು.

ಪ್ರೋಗ್ರಾಂ ದೊಡ್ಡದೇನಲ್ಲ. ಪೈಥಾನ್ ಭಾಷೆ, ಚಿತ್ರಗಳ ಲೆಕ್ಕಕ್ಕೆ ಓಪನ್‌ಸಿವಿ ಎಂಬ ಲೈಬ್ರರಿ. ಟೆಂಡನ್ ಮೇಲೆ 2 ಮಿ.ಮೀ. ಉದ್ದ, 1 ಮಿ.ಮೀ. ಎತ್ತರದ ಚೌಕಗಳನ್ನು ಸಾಲಾಗಿ ಇಡುತ್ತೇವೆ. ಪ್ರತಿ ಚೌಕದ ಸ್ಪೆಕಲ್ ಮಾದರಿ ಮುಂದಿನ ಫ್ರೇಮ್‌ನಲ್ಲಿ ಎಲ್ಲಿ ಹೋಯಿತು ಎಂದು ಹುಡುಕುತ್ತದೆ, ಎರಡು ಚಿತ್ರಗಳ ಹೋಲಿಕೆ ಅಳೆಯುವ ನಾರ್ಮಲೈಸ್ಡ್ ಕ್ರಾಸ್ ಕೋರಿಲೇಶನ್ ಬಳಸಿ. ಹೋಲಿಕೆ ಅತಿ ಹೆಚ್ಚಿರುವ ಬಿಂದು ಮತ್ತು ಅದರ ಅಕ್ಕಪಕ್ಕದ ಬೆಲೆಗಳಿಗೆ ಪ್ಯಾರಾಬೋಲಾ ಕೂರಿಸಿದರೆ ಪಿಕ್ಸೆಲ್‌ನ ಭಾಗದಷ್ಟು ಚಲನೆಯೂ ಸಿಗುತ್ತದೆ. ಮುಂದಕ್ಕೆ ಹೋದ ಚೌಕವನ್ನು ಹಿಂದಿನ ಫ್ರೇಮ್‌ಗೆ ವಾಪಸ್ ಹುಡುಕಿಸುತ್ತೇವೆ. ಹೊರಟ ಜಾಗಕ್ಕೇ ಬರದಿದ್ದರೆ ಆ ಚೌಕ ಲೆಕ್ಕಕ್ಕಿಲ್ಲ. ಉಳಿದವುಗಳ ಚಲನೆಯನ್ನು ಸಾಲಾಗಿ ಇಟ್ಟರೆ ನಡುವೆ ಬರುವ ಬೆಲೆಯನ್ನು (ಮೀಡಿಯನ್) ತೆಗೆದುಕೊಳ್ಳುತ್ತೇವೆ. ಟೆಂಡನ್ ಪ್ರೋಬಿಗೆ ಸಮಾನಾಂತರ ಇಲ್ಲದಿದ್ದರೆ ಚಲನೆಯನ್ನು ಟೆಂಡನ್ ದಿಕ್ಕಿಗೇ ಲೆಕ್ಕ ಹಾಕಬೇಕು. ಪ್ರೋಬಿನ ಅಗಲ 38 ಮಿ.ಮೀ., ಟೆಂಡನ್ 30 ಮಿ.ಮೀ. ಜಾರಿದರೆ ಶುರುವಿನ ಚೌಕಗಳಲ್ಲಿ ಬಹುಪಾಲು ಚಿತ್ರದಿಂದಾಚೆ ಹೋಗಿಬಿಡುತ್ತವೆ, ಅದಕ್ಕೇ ಖಾಲಿಯಾದ ಕಡೆ ಹೊಸ ಚೌಕ ಹುಟ್ಟುತ್ತಾ ಇರಬೇಕು.

ಇಷ್ಟು ಮಾಡಿದರೂ ಸಂಖ್ಯೆಗೆ ಅರ್ಥ ಬರುವುದು ಮುಂದಿನ ಹೆಜ್ಜೆಯಿಂದ, ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದೇ. ಜಾರುವ ಟೆಂಡನ್ ಜೊತೆಗೆ ಜಾರದ ಮೂಳೆಯನ್ನೂ ಅಳೆಯಬೇಕು. ಅದೇ ವಿಡಿಯೋದಲ್ಲಿ, ಅದೇ ಥರದ ಚೌಕಗಳಿಂದ, ಅಡಿಯ ಮೂಳೆ ಗೆರೆಯ ಚಲನೆ ತೆಗೆಯುತ್ತೇವೆ. ಗೂಟ, ಕಮಾನು, ಸ್ಪ್ರಿಂಗ್ ಎಲ್ಲ ಇದ್ದರೂ ಮೂಳೆ ಪರದೆ ಮೇಲೆ ಸ್ವಲ್ಪ ಸರಿದೇ ಸರಿಯುತ್ತದೆ, ಮುಷ್ಟಿ ಕಟ್ಟುವಾಗ ಇಡೀ ಕೈ ಎಳೆದುಕೊಳ್ಳುತ್ತದಲ್ಲ. ನಿಜವಾದ ಉತ್ತರ ಟೆಂಡನ್ ಚಲನೆಯಲ್ಲಿ ಮೂಳೆ ಚಲನೆ ಕಳೆದದ್ದು. ಮೂಳೆ ಗೆರೆ ನುಣುಪಾಗಿ ಒಂದೇ ಸಮ ಇದ್ದರೆ ಅದರ ಉದ್ದಕ್ಕೆ ಎಷ್ಟು ಸರಿಯಿತು ಎಂದು ಪ್ರೋಗ್ರಾಂಗೆ ತಿಳಿಯುವುದಿಲ್ಲ. ಎರಡು ಮೂಳೆ ಸೇರುವ ಸಂದು, ಒಂದು ಉಬ್ಬು, ಇಂಥದ್ದು ಚಿತ್ರದಲ್ಲಿ ಬರುವ ಹಾಗೆ ಪ್ರೋಬ್ ಇಡಬೇಕು. ಚೈನಾ ಗ್ರಾಸ್‌ನ ಮೇಲಿನ ಬಿಲ್ಲೆ ಕಟ್ಟಿಹಾಕಿದ್ದೂ ಇದನ್ನು ಪರೀಕ್ಷಿಸಲೆಂದೇ. ಬೇಕಂತಲೇ ಪ್ರೋಬ್ ಅಲುಗಾಡಿಸಿದಾಗಲೂ ಎರಡರ ವ್ಯತ್ಯಾಸ ಸ್ಕ್ರೂ ಹೇಳಿದ ಅಂಕಿಗೆ ಅರ್ಧ ಮಿ.ಮೀ. ಒಳಗೇ ಬಂತು.

ಫ್ರೇಮ್‌ನಿಂದ ಫ್ರೇಮ್‌ಗೆ ಸಣ್ಣ ಸಣ್ಣ ತಪ್ಪು ಸೇರುತ್ತಾ ಹೋಗುತ್ತದೆ. ಅದನ್ನು ಹಿಡಿಯಲು ಯಾವ ಉಪಕರಣವೂ ಬೇಡ. ಬೆರಳು ಬಿಚ್ಚಿ, ಮಡಿಚಿ, ಮತ್ತೆ ಬಿಚ್ಚಿದಾಗ ಒಟ್ಟು ಸೊನ್ನೆ ಬರಬೇಕು. ಬರದೆ ಉಳಿದದ್ದೇ ತಪ್ಪಿನ ಗಾತ್ರ. ಅದು ಅರ್ಧ ಮಿ.ಮೀ. ದಾಟಿದರೆ ಆ ರೆಕಾರ್ಡಿಂಗ್ ಬಿಟ್ಟು ಇನ್ನೊಂದು ತೆಗೆಯುತ್ತೇವೆ. ನಿಧಾನವಾಗಿ ಮಾಡಿಸುವುದೂ ಮುಖ್ಯ. ಮೊಬೈಲ್ ಮೆಟ್ರೊನೋಮ್ ಇಟ್ಟು ನಾಲ್ಕು ಸೆಕೆಂಡಿಗೆ ಮಡಿಚಿದರೆ, ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ ಒಂದೊಂದು ಫ್ರೇಮ್‌ಗೆ ಸರಾಸರಿ ಕಾಲು ಮಿ.ಮೀ. ಜಾರುತ್ತದೆ. ಗಬಕ್ಕನೆ ಮಡಿಚಿದರೆ 2 ಮಿ.ಮೀ. ಆಗಿ ಚೌಕಗಳು ಕೈತಪ್ಪುತ್ತವೆ.

ಕೊನೆಗೆ ಕೈ ಮೇಲಿನ ಪರೀಕ್ಷೆ. ಗೆಣ್ಣಿನ ಮೇಲೆ ಟೆಂಡನ್ ಎಷ್ಟು ಜಾರುತ್ತದೆ ಎಂಬುದಕ್ಕೆ ಸರಳ ಲೆಕ್ಕ ಇದೆ, ಗೆಣ್ಣಿನ ನಡುವಿನಿಂದ ಟೆಂಡನ್‌ಗೆ ಇರುವ ದೂರವನ್ನು ರೇಡಿಯನ್‌ನಲ್ಲಿ ಹೇಳಿದ ಕೋನದಿಂದ ಗುಣಿಸುವುದು. ಬುಡದ ಗೆಣ್ಣಿನಲ್ಲಿ ಆ ದೂರ ದೊಡ್ಡವರಿಗೆ ಸುಮಾರು 1 ಸೆಂಟಿಮೀಟರ್. ಅಡಿಕೆ ದಬ್ಬೆ ಕಟ್ಟಿ ಬುಡದ ಗೆಣ್ಣು ಮಾತ್ರ 60 ಡಿಗ್ರಿ ಮಡಿಚಿದರೆ, ಅಂದರೆ 1.05 ರೇಡಿಯನ್, ಹತ್ತು ಹತ್ತೂವರೆ ಮಿ.ಮೀ. ಬರಬೇಕು. ನಮ್ಮ ಕೈಗಳಲ್ಲಿ ಅದರ ಆಸುಪಾಸೇ ಬಂತು, ದೊಡ್ಡ ಕೈಗೆ ಸ್ವಲ್ಪ ಜಾಸ್ತಿ, ಸಣ್ಣ ಕೈಗೆ ಸ್ವಲ್ಪ ಕಡಿಮೆ. ಕೋನ ಒಂದು ಕಡೆ, ಜಾರುವಿಕೆ ಇನ್ನೊಂದು ಕಡೆ ಹಾಕಿ ಗ್ರಾಫ್ ಬರೆದರೆ ಹೆಚ್ಚುಕಮ್ಮಿ ನೇರ ಗೆರೆ. ಅಂಟಿಕೊಂಡ ಟೆಂಡನ್ ಆದರೆ ಈ ಗೆರೆ ಬೇಗ ಮಟ್ಟಸವಾಗಬೇಕು. ಫಿಸಿಯೋಥೆರಪಿಸ್ಟ್ ವಾರವಾರ ನೋಡಲು ಬಯಸುವುದು ಆ ಗೆರೆಯನ್ನೇ.

ಅಡಿಕೆ ಸುಲಿಯುವ ಕೈಗಳನ್ನೂ ನೋಡಿದೆವು, ತೀರ್ಥಹಳ್ಳಿ ಕಡೆಯಿಂದ ಬಂದವರು, ಬೆರಳು ಮಡಿಚಿದಲ್ಲೇ ಸಿಕ್ಕಿಕೊಂಡು ಟಕ್ ಎಂದು ಬಿಡುವ ತೊಂದರೆ ಇದ್ದವರು. ಟ್ರಿಗರ್ ಫಿಂಗರ್ ಅನ್ನುತ್ತಾರೆ. ಬೆರಳ ಬುಡದಲ್ಲಿ ಟೆಂಡನ್ ಹಾದುಹೋಗುವ ಮೊದಲ ಬಳೆ ದಪ್ಪವಾಗಿ, ಟೆಂಡನ್ ಅಲ್ಲಿ ತಡೆಯುತ್ತದೆ. ಅಂಗೈ ಚರ್ಮ ದಡ್ಡುಗಟ್ಟಿ ಅಲೆ ಒಳಗೆ ಸರಿಯಾಗಿ ಇಳಿಯಲಿಲ್ಲ, ಮಣಿಕಟ್ಟಿನಲ್ಲಿ ಮಾತ್ರ ಚಿತ್ರ ಸ್ಪಷ್ಟ ಇತ್ತು. ಬೆರಳು ಬಿಚ್ಚುವಾಗ ಗ್ರಾಫ್ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತದೆ, ಅವರು ಮುಖ ಹಿಂಡುತ್ತಾರೆ, ಆಮೇಲೆ ಒಂದೆರಡು ಫ್ರೇಮ್‌ನಲ್ಲೇ ಜಿಗಿದುಬಿಡುತ್ತದೆ. ಆ ಜಿಗಿತದಲ್ಲಿ ಚೌಕಗಳು ಕೈತಪ್ಪುವುದರಿಂದ ಅಲ್ಲಿಯ ಅಂಕಿಯನ್ನು ನಂಬುವ ಹಾಗಿಲ್ಲ. ಹೋಲಿಕೆ ಕುಸಿದ ಕಡೆ ಹುಡುಕುವ ಜಾಗ ಮೂರು ಪಟ್ಟು ಹಿಗ್ಗುವಂತೆ ಈಗ ಬದಲಾಯಿಸಿದ್ದೇನೆ. ಆದರೂ ಮಷೀನ್‌ನಿಂದ ಜಾಸ್ತಿ ಫ್ರೇಮ್ ಹೊರತೆಗೆಯುವ ದಾರಿ ಸಿಗದೆ ಇದು ಪೂರ್ತಿ ಸರಿಹೋಗುವುದಿಲ್ಲ.

ಮುಂದಿನದು ಹೆಬ್ಬೆರಳು. ಅಡಿಕೆಯನ್ನು ಕತ್ತಿಗೆ ಒತ್ತುವಾಗ ಭಾರ ಬೀಳುವುದು ಅದರ ಮೇಲೆಯೇ. ಅದರ ಟೆಂಡನ್ ಮಣಿಕಟ್ಟು ದಾಟಿ ಓರೆಯಾಗಿ ಹೊರಗೆ ತಿರುಗುತ್ತದೆ, ಈಗಿನ ಕಮಾನಿಗೆ ಅಷ್ಟು ತಿರುಗಲು ಬರುವುದಿಲ್ಲ. ಅರ್ಧವೃತ್ತದ ತೋಡು ಇರುವ ಹೊಸ ಕಮಾನಿಗೆ ಅಳತೆ ಬರೆದು ಬಡಗಿಗೆ ಕೊಟ್ಟಿದ್ದೇನೆ, ಪೊಟೆನ್ಷಿಯೋಮೀಟರ್ ಕೂರಿಸುವ ಜಾಗ ಮಾತ್ರ ಇನ್ನೂ ತೀರ್ಮಾನ ಆಗಬೇಕು.